ಬಿದ್ದ ಠರಾವು ಎದ್ದ ದಿನ

ಆ ಸಭೆಗೆ ನಾನು ತೆತ್ತ ಬೆಲೆ ಒಂದು ಮದುವೆಯ ಪೂರ್ತಿ ಜವಳಿ. ಬಾದಾಮಿ ಕಡೆಯ ಮಂದಿ ಟೆಂಪೊ ಮಾಡಿಕೊಂಡು ಇಳಕಲ್ಲಿಗೆ ಬಂದಿದ್ದರು. ಮದುಮಗಳ ಸೀರೆಯಿಂದ ಹಿಡಿದು ಬೀಗರಿಗೆ ಉಡಿಸುವ ಸೀರೆಯವರೆಗೆ ಎಲ್ಲವನ್ನೂ ನನ್ನ ಅಂಗಡಿಯಲ್ಲೇ ತೆಗೆದುಕೊಳ್ಳುವುದೆಂದು ಮೊದಲೇ ಮಾತಾಗಿತ್ತು. ಅವರು ಬಂದಾಗ ಗಲ್ಲೆಯ ಮೇಲೆ ನಾನಿರಲಿಲ್ಲ, ಸೊಸೆ ಇದ್ದಳು. ಅವಳ ಹತ್ತಿರ ಚೌಕಾಸಿ ಮಾಡುವುದರಲ್ಲಿ ಅವರಿಗೆ ರುಚಿ ಕಾಣಲಿಲ್ಲ. ಎದುರಿನ ಅಂಗಡಿ ಹತ್ತಿದರು. ನಾನೋ, ನಮ್ಮ ನೇಕಾರರ-ವ್ಯಾಪಾರಸ್ಥರ ಸಂಘದ ಸಭೆಯಲ್ಲಿ ಕೂತಿದ್ದೆ. ಎದ್ದು ಹೋಗಿದ್ದರೆ ಎತ್ತುವ ಕೈಗಳಲ್ಲಿ ಒಂದು ಕಡಿಮೆಯಾಗುತ್ತಿತ್ತು, ನನ್ನ ಗೆಳತಿಗೆ ಕೆಲಸ ಮಾಡುವ ಜಾಗ ತಪ್ಪುತ್ತಿತ್ತು. ವ್ಯಾಪಾರ ಹೋದದ್ದು ಹೊಟ್ಟೆ ಉರಿಸಲಿಲ್ಲ ಅಂದರೆ ಸುಳ್ಳು. ಆದರೆ ಕೊಟ್ಟ ಬೆಲೆ ಜಾಸ್ತಿಯಾಯಿತು ಅಂತ ಒಂದು ದಿನವೂ ಅನಿಸಿಲ್ಲ.

ನನ್ನ ಕಸುಬೇ ಚೌಕಾಸಿ. ಅಂಗಡಿ ಮಾಡುವ ಮೊದಲು ಸೀರೆಯ ಗಂಟು ತಲೆ ಮೇಲೆ ಹೊತ್ತು ಬಸ್ಸು ಹತ್ತುತ್ತಿದ್ದೆ. ಗುಡೂರು, ಕಮತಗಿ, ಅಮೀನಗಡ, ಹುನಗುಂದ, ಎಲ್ಲ ಕಡೆ ಕಟ್ಟೆಯ ಮೇಲೆ ಗಂಟು ಬಿಚ್ಚಿ ಕೂತವಳು. ಅಲ್ಲಿ ಕಲಿತ ಪಾಠ ಸಣ್ಣದು: ಬೇಕಾದದ್ದಕ್ಕಿಂತ ಹೆಚ್ಚು ಕೇಳು, ಆಮೇಲೆ ಸುಮ್ಮನೆ ಕೂಡು. ಮೊದಲು ಬಾಯಿ ಬಿಟ್ಟವರು ಇಳಿಯುತ್ತಾರೆ. ಈ ಪಾಠದ ಮೇಲೆ ನಾನು ಅಂಗಡಿ ಹಾಕಿದೆ, ಮನೆ ಕಟ್ಟಿಸಿದೆ. ಜಗತ್ತೆಲ್ಲ ಇದೇ ಪಾಠದ ಮೇಲೆ ನಡೆದಿದೆ ಅಂದುಕೊಂಡಿದ್ದೆ.

ನಮ್ಮ ಸಂಘದ ಸಭೆಗಳೂ ಆಗ ಅದಕ್ಕೆ ಒಪ್ಪುವ ಹಾಗೇ ಇದ್ದವು. ಹಿರಿಯರು ಒಂದು ಮಾತು ಹೇಳುವರು, ಎಲ್ಲರೂ "ಆತು ಬಿಡ್ರಿ" ಅನ್ನುವರು, ಚೂಡಾ ಬರುವುದು. ಠರಾವಿನ ಸೂಚಕರು ಯಾರು, ಅನುಮೋದಕರು ಯಾರು ಅನ್ನುವುದನ್ನು ಕಾರ್ಯದರ್ಶಿ ಆಮೇಲೆ, ಎದುರಿಗೆ ಕೂತು ಚೂಡಾ ತಿನ್ನುತ್ತಿರುವವರ ಮುಖ ನೋಡಿ ಬರೆದುಕೊಳ್ಳುತ್ತಿದ್ದ. ಬಾಗಲಕೋಟೆಗೆ ಗಿರಾಕಿ ನೋಡಲು ಹೋಗಿದ್ದ ದಿನವೂ ನಾನು ಯಾವುದೋ ಠರಾವನ್ನು ಅನುಮೋದಿಸಿದ್ದೆನಂತೆ.

ಆಮೇಲೆ ಅಧ್ಯಕ್ಷರು ಬದಲಾದರು. ಹೊಸಬರು ನಿವೃತ್ತ ಹೆಡ್‌ಮಾಸ್ತರರು. ಮೊದಲ ಸಭೆಯಲ್ಲೇ ಚೂಡಾದ ಪುಟ್ಟಿಯನ್ನು ಬಾಗಿಲಾಚೆ ಇಡಿಸಿದರು. "ಒಬ್ಬರು ಎದ್ದು ನಿಂತು, ಇಂಥಾದ್ದು ಆಗಬೇಕು ಅಂತ ಸೂಚಿಸಬೇಕು. ಇನ್ನೊಬ್ಬರು ಅನುಮೋದಿಸಬೇಕು. ಅನುಮೋದಕರು ಇಲ್ಲಂದ್ರ ಅದು ಠರಾವಲ್ಲ, ಬರೇ ಮಾತು. ಆಮ್ಯಾಲೆ ಚರ್ಚಾ, ಅದೂ ಆ ಠರಾವಿನ ಮ್ಯಾಲೆ ಅಷ್ಟ. ತಿದ್ದುಪಡಿ ಇದ್ರ ಮೊದಲ ಅದಕ್ಕ ಮತ. ಕಡೀಕ ಠರಾವಿಗೆ ಮತ."

"ಇದೇನ್ರಿ ಸರ, ಸಾಲಿ ಶುರುವಾತು" ಎಂದರು ನೂಲಿನ ಅಂಗಡಿಯ ಯಜಮಾನರು.

"ಹೌದ್ರಿ. ಹಾಜರಿನೂ ತಗೋತೇನಿ."

ಇನ್ನು ಗೆಳತಿಯ ವಿಷಯ. ನಮ್ಮ ಸೀರೆಯ ಮೈಯ ಹಾಸು, ಅಂದರೆ ಉದ್ದಕ್ಕೆ ಹೋಗುವ ಎಳೆಗಳು, ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಬೇಕು. ನನ್ನ ಗೆಳತಿಯ ಕೆಲಸ ಅದು. ಹಾಸು ಚಾಚಲು ಉದ್ದನೆಯ ಜಾಗ ಬೇಕು, ಗಾಳಿ ಆಡಬಾರದು. ಅವಳ ಮನೆಯನ್ನು ಮಗ್ಗವೇ ತುಂಬಿಕೊಂಡಿತ್ತು. ಸಂಘದ ಕಟ್ಟಡದ ಹಿಂದಿನ ಪಡಸಾಲೆಯಲ್ಲಿ ಅವಳೂ ಇನ್ನು ಕೆಲವು ಹೆಣ್ಣುಮಕ್ಕಳೂ ಯಾರ ಅಪ್ಪಣೆಯೂ ಇಲ್ಲದೆ, ಯಾರ ತಕರಾರೂ ಇಲ್ಲದೆ ಕೆಲಸ ಮಾಡಿಕೊಂಡು ಬಂದಿದ್ದರು. ಈಗ ಅದೇ ಪಡಸಾಲೆಯನ್ನು ನೂಲಿನ ಯಜಮಾನರು ಗೋದಾಮಿಗೆ ಬಾಡಿಗೆ ಕೇಳಿದ್ದರು. ಆ ದಿನದ ಸಭೆಯಲ್ಲಿ ಅದು ತೀರ್ಮಾನವಾಗಬೇಕಿತ್ತು.

"ನೀ ಮಾತಾಡಬೇ, ನಿನಗ ಬಾಯಿ ಐತಿ" ಎಂದಳು ಗೆಳತಿ. "ಆದ್ರ ಗಿರಾಕಿ ಮುಂದ ಮಾತಾಡಿದಂಗ ಮಾತಾಡಬ್ಯಾಡ."

ನಾನು ಗಿರಾಕಿ ಮುಂದೆ ಮಾತಾಡಿದ ಹಾಗೇ ಮಾತಾಡಿದೆ. ಗೋದಾಮಿನ ವಿಷಯ ಬರುವ ಮೊದಲೇ ಎದ್ದು, ಪಡಸಾಲೆಯ ಜೊತೆಗೆ ಮುಂದಿನ ದೊಡ್ಡ ಹಾಲನ್ನೂ ವರ್ಷವಿಡೀ ಹಾಸಿನ ಕೆಲಸದ ಹೆಣ್ಣುಮಕ್ಕಳಿಗೆ ಬಿಟ್ಟುಕೊಡಬೇಕು, ಅಲ್ಲಿಗೆಲ್ಲ ಫ್ಯಾನು ಹಾಕಿಸಬೇಕು ಎಂದು ಸೂಚಿಸಿದೆ. ಗೆಳತಿ ನನ್ನನ್ನು ಕೆಕ್ಕರಿಸಿ ನೋಡುತ್ತಲೇ ಅನುಮೋದಿಸಿದಳು. ಅವರು ಹಾಲ್ ಕೊಡುವುದಿಲ್ಲ ಅನ್ನುತ್ತಾರೆ, ನಾನು ಪಡಸಾಲೆಗೆ ಇಳಿಯುತ್ತೇನೆ, ವ್ಯವಹಾರ ಮುಗಿಯುತ್ತದೆ. ನನ್ನ ಲೆಕ್ಕ ಅದು.

"ಹಂಗಾರ ಸಭಾ ಮಾಡಾಕ ನಾವು ಬಸ್‌ಸ್ಟ್ಯಾಂಡಿಗೆ ಹೋಗೂಣೇನ್ರಿ ಅಕ್ಕಾರ?" ಎಂದರು ಯಜಮಾನರು. ಎಲ್ಲರೂ ನಕ್ಕರು.

ಅಧ್ಯಕ್ಷರು ಕೇಳಿದರು: "ತಿದ್ದುಪಡಿ ಯಾರರ ಸೂಚಸ್ತೀರೇನು?"

ನಾನು ಸುಮ್ಮನೆ ಕೂತೆ. ಯಜಮಾನರ ಕಡೆಯವರು ಬಾಯಿ ಬಿಡಲಿ ಅಂತ. ಅವರೂ ಸುಮ್ಮನೆ ಕೂತರು. ನಾನು ಇಳಿಯಲಿ ಅಂತ. ಅಲ್ಲಿದ್ದ ವ್ಯಾಪಾರಸ್ಥರೆಲ್ಲ ಒಂದಿಲ್ಲೊಂದು ಅಂಗಡಿಯ ಗಲ್ಲೆ ಮೇಲೆ ಹಣ್ಣಾದವರು. ಮೊದಲು ಮಾತಾಡುವ ದಡ್ಡತನ ಯಾರೂ ಮಾಡುವವರಲ್ಲ. ಅಧ್ಯಕ್ಷರು ಮತ್ತೊಮ್ಮೆ ಕೇಳಿದರು, ಕಾದರು, ಠರಾವನ್ನು ಮತಕ್ಕೆ ಹಾಕಿದರು. ಬಿದ್ದು ಹೋಯಿತು.

"ಆತ್ರಿ ಸರ, ಹಾಲ್ ಬಿಡ್ರಿ, ಬರೇ ಪಡಸಾಲಿ ಕೊಡ್ರಿ" ಎಂದು ಎದ್ದೆ.

"ಕೂಡ್ರಿ ಅಕ್ಕಾರ. ನಮ್ಮ ಸಂಘದ ನಿಯಮದ ಪ್ರಕಾರ ಬಿದ್ದ ವಿಷಯ ಅದ ಸಭಾದಾಗ ಮತ್ತ ತರಾಕ ಬರೂದಿಲ್ಲ."

ಗೆಳತಿ ಕೂತಲ್ಲಿಂದಲೇ ಕೇಳಿದಳು: "ಹಂಗಾದ್ರ ನಾಳೆ ನಾ ಹಾಸು ಎಲ್ಲಿ ಚಾಚ್ಲಿರಿ ಸರ?"

ಅಧ್ಯಕ್ಷರು ಕನ್ನಡಕ ತೆಗೆದರು. "ಒಂದ ದಾರಿ ಐತಿ. ಮರುಪರಿಶೀಲನಾ ಆಗಲಿ ಅಂತ ಯಾರರ ಸೂಚಿಸಬೇಕು. ಆದ್ರ ಸೋತವರು ಸೂಚಿಸಾಕ ಬರೂದಿಲ್ಲ. ಗೆದ್ದ ಕಡಿಗೆ ಕೈ ಎತ್ತಿದವರ ಏಳಬೇಕು." ಇಷ್ಟು ಹೇಳಿ ಚಹಾಕ್ಕೆ ಬಿಟ್ಟರು.

ಚಹಾದ ಹೊತ್ತಿಗೇ ಸೊಸೆಯ ಫೋನು: ಬಾದಾಮಿ ಗಿರಾಕಿ ಬಂದು ಕೂತಿದ್ದಾರೆ, ಲಗೂ ಬರ್ರಿ ಅಂತ. "ನೀ ಹೋಗಬೇ" ಎಂದಳು ಗೆಳತಿ. ನಾನು ಹೋಗಲಿಲ್ಲ. ನೂಲಿನ ಯಜಮಾನರ ಹತ್ತಿರ ಹೋದೆ. ಇನ್ನು ಮುಂದೆ ನನ್ನ ಅಂಗಡಿಗೆ ನೇಯುವ ಮಗ್ಗಗಳಿಗೆ ಬೇಕಾದ ನೂಲೆಲ್ಲ ನಿಮ್ಮಲ್ಲೇ, ನೀವು ಮಾತ್ರ ಒಮ್ಮೆ ಎದ್ದು ನಿಲ್ಲಿ ಎಂದೆ.

ಅವರು ಕಪ್ಪು ಕೆಳಗಿಟ್ಟರು. "ಅಕ್ಕಾರ, ಈ ಮಾತು ನಾ ಕೇಳಿಲ್ಲ ಅಂತ ತಿಳೀತೇನಿ. ಕೇಳಿದ್ರ, ಎದ್ದು ನಿಂತ್ರೂ ಮಾರಕೊಂಡಂಗ ಆಗ್ತೈತಿ."

ನಾನು ಬಂದು ಗೆಳತಿಯ ಪಕ್ಕದಲ್ಲಿ ಕೂತೆ.

ಸಭೆ ಮತ್ತೆ ಕೂಡಿತು. ಗೋದಾಮಿನ ವಿಷಯ ಎತ್ತಬೇಕು, ಅಷ್ಟರಲ್ಲಿ ಯಜಮಾನರೇ ಎದ್ದರು. "ಮರುಪರಿಶೀಲನಾ ಆಗಲಿ ಅಂತ ಸೂಚಸ್ತೇನ್ರಿ. ಪಡಸಾಲಿ ಮ್ಯಾಲೆ ನಂದೂ ಕಣ್ಣೈತಿ, ಖರೆ. ಆದ್ರ ನಾವು ಬ್ಯಾಡ ಅಂದದ್ದು ಹಾಲಿಗೆ. ಪಡಸಾಲಿ ಬೇಕೋ ಬ್ಯಾಡೋ ಅಂತ ಯಾರೂ ಯಾರನ್ನೂ ಕೇಳ್ಲೇ ಇಲ್ಲ."

ಗೆಳತಿ ಅನುಮೋದಿಸಿದಳು, ಕೈಗಳು ಎದ್ದವು, ಸತ್ತು ಹೋಗಿದ್ದ ನನ್ನ ಠರಾವು ಮತ ಹಾಕುವ ಮೊದಲು ಇದ್ದ ಹಾಗೇ ನಮ್ಮ ಮುಂದೆ ಬಂದು ನಿಂತಿತು. ಸೋತವರ ಪಾಲಿನ ಬಾಗಿಲನ್ನು ಗೆದ್ದವರ ಕೈಯಿಂದಲೇ ತೆಗೆಸಬೇಕು ಅಂತ ಯಾವ ಪುಣ್ಯಾತ್ಮ ಯೋಚನೆ ಮಾಡಿದನೋ. ಅವನು ಮನುಷ್ಯರನ್ನು ಎಷ್ಟು ನಂಬಿರಬೇಕು.

ಈಗ ಗೆಳತಿ ತಾನೇ ಎದ್ದಳು. "ತಿದ್ದುಪಡಿ ಐತ್ರಿ. ಹಾಲ್ ಬ್ಯಾಡ. ಫ್ಯಾನಂತೂ ಬ್ಯಾಡೇ ಬ್ಯಾಡ, ಎಳಿ ಹಾರ್ತಾವ. ಆಕಿಗೆ ಸೀರಿ ಮಾರೂದು ಗೊತ್ತು, ಹಾಸು ಗೊತ್ತಿಲ್ಲ. ಹಿಂದಿನ ಪಡಸಾಲಿ, ಮುಂಜಾನಿಂದ ಸಂಜಿತನ. ಅಷ್ಟ." ನಾನು ಬೆವರು ಒರೆಸಿಕೊಳ್ಳುತ್ತ ಅನುಮೋದಿಸಿದೆ.

ಆಮೇಲೆ ಆದದ್ದನ್ನು ನೆನೆದರೆ ಈಗಲೂ ಬೆರಗು ಹೋಗುವುದಿಲ್ಲ. ಬಾಗಿಲು ತೆಗೆದುಕೊಟ್ಟ ಅದೇ ಯಜಮಾನರು ತಿದ್ದುಪಡಿಯ ವಿರುದ್ಧ ಎದ್ದು ನಿಂತು ಚೆನ್ನಾಗಿ ವಾದ ಮಾಡಿದರು. ಸಂಘಕ್ಕೆ ಬಾಡಿಗೆ ಬರುತ್ತದೆ, ನೂಲಿಗೆ ಮಳೆ ತಾಗುವುದಿಲ್ಲ, ಹೆಣ್ಣುಮಕ್ಕಳಿಗೆ ಬೇರೆ ಕಡೆ ನೋಡೋಣ ಎಂದೆಲ್ಲ. ಒಂದೊಂದು ಮಾತೂ ತೂಕದ್ದು. ತಿದ್ದುಪಡಿಗೆ ಮತವಾಯಿತು, ಅವರು ವಿರುದ್ಧ ಕೈ ಎತ್ತಿದರು, ಸೋತರು. ತಿದ್ದಿದ ಠರಾವಿಗೆ ಮತವಾಯಿತು, ಆಗಲೂ ವಿರುದ್ಧವೇ ಎತ್ತಿದರು, ಆಗಲೂ ಸೋತರು. ಪಡಸಾಲೆ ಗೆಳತಿಯದಾಯಿತು. ಯಜಮಾನರು ಗೆಳತಿಗೆ ಹೇಳಿದ್ದು ಇಷ್ಟೇ: "ಸಂಜಿಗೆ ಕಸಾ ಹೊಡದು ಹೋಗ್ರಿ ತಂಗಿ, ಇಲ್ಲಂದ್ರ ಮುಂದಿನ ಸಭಾಕ್ಕ ಅದನ್ನೂ ತರ್ತೇನಿ."

ನಮ್ಮ ವ್ಯಾಪಾರದಲ್ಲಿ ಬಾಯಿ ಜೋರಿದ್ದವರದು ನಡೆಯುತ್ತದೆ. ಅಲ್ಲಿ ನಡೆದದ್ದು ಬೇರೆ ಏನೋ. ಅದನ್ನು ಕಣ್ಣಾರೆ ಕಂಡವಳಾಗಿ ಹೇಳುತ್ತೇನೆ, ಕೇಳಿ.

ಸಂಘವಿರಲಿ, ಹೆಣ್ಣುಮಕ್ಕಳ ಗುಂಪಿರಲಿ, ಸಭೆಗೆ ಹೋಗುವಾಗ ಬೇಕಾದದ್ದನ್ನಷ್ಟೇ ಕೇಳಿ. ಇಳಿಯಲು ಜಾಗ ಇಟ್ಟುಕೊಂಡು ಕೇಳಬೇಡಿ, ಸಭೆ ನಿಮ್ಮನ್ನು ಇಳಿಸುವುದಿಲ್ಲ, ಬೀಳಿಸುತ್ತದೆ. ಠರಾವಿನ ಮಾತನ್ನು ಮನೆಯಲ್ಲೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಯಾರ ಕೆಲಸಕ್ಕಾಗಿ ಕೇಳುತ್ತೀರೋ ಅವರಿಗೆ ಮೊದಲು ಓದಿ ತೋರಿಸಿ. ಅನುಮೋದಕರನ್ನು ಹಿಂದಿನ ದಿನವೇ ಗೊತ್ತು ಮಾಡಿಕೊಳ್ಳಿ. ತಿದ್ದುಪಡಿ ಇದೆಯೇ ಎಂದು ಅಧ್ಯಕ್ಷರು ಕೇಳಿದಾಗ ಸುಮ್ಮನೆ ಕೂಡಬೇಡಿ, ಸುಮ್ಮನಿರುವುದಕ್ಕೆ ಅಲ್ಲಿ ಬೆಲೆಯಿಲ್ಲ. ಚಹಾದ ಹೊತ್ತಿನಲ್ಲಿ ಯಾರ ಮತಕ್ಕೂ ದರ ಕಟ್ಟಬೇಡಿ. ಮತ್ತೆ, ನೀವು ಗೆದ್ದ ದಿನ, ಸೋತವರು ಏನು ಕೇಳಬೇಕೆಂದಿದ್ದರು ಅನ್ನುವುದನ್ನು ಒಮ್ಮೆ ಯೋಚಿಸಿ. ಅನುಮಾನ ಬಂದರೆ ಎದ್ದು ನಿಲ್ಲಿ. ಆಮೇಲೆ ಬೇಕಾದರೆ ವಿರುದ್ಧವೇ ಕೈ ಎತ್ತಿರಿ, ತಪ್ಪಿಲ್ಲ.