ತೊಂಬತ್ತರ ಸೊನ್ನೆ

ಮಧ್ಯಾಹ್ನ ಎರಡು ನಲವತ್ತಕ್ಕೆ ಅವರ ತೋರುಬೆರಳು ಸೊನ್ನೆಯ ಕೀ ಒತ್ತಿತು. ಎಂದೋ ಆಸಿಡ್ ಬಿದ್ದು ಉಗುರೇ ಇಲ್ಲವಾದ ಬೆರಳು. ಪಕ್ಕದ ಕುರ್ಚಿಯಲ್ಲಿದ್ದ ನಾನು ಬೆರಳನ್ನು ನೋಡಿದೆ, ಪರದೆಯನ್ನು ನೋಡಲಿಲ್ಲ.

ಮಹಾರಾಷ್ಟ್ರದ ಕುರಕುಂಭದ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಅವರು ನಮ್ಮ ಶಿಫ್ಟ್ ಇನ್‌ಚಾರ್ಜ್, ಕಲಬುರಗಿ ಕಡೆಯವರು. ಮರಾಠಿ ಬಾರದೆ ನಾನು ಕ್ಯಾಂಟೀನಿನಲ್ಲಿ ಒಬ್ಬಳೇ ಕೂತಿದ್ದಾಗ, "ಮೈಸೂರು ತಂಗಿ, ರೊಟ್ಟಿ ಮುರಿಲಿಕ್ಕೂ ಕೋರ್ಸ್ ಮಾಡಬೇಕೇನು?" ಎಂದು ತಮ್ಮ ಡಬ್ಬಿ ಮುಂದಿಟ್ಟವರು.

ರಿಯಾಕ್ಟರಿಗೆ ತಣ್ಣೀರು ಶೇಕಡಾ ಎಷ್ಟು ಬಿಡಬೇಕೆಂಬ ಅಂಕಿಯನ್ನು ಅವರು ಕಂಪ್ಯೂಟರಿನ ಹಳೆಯ ಎಡಿಟರ್ ಒಂದರಲ್ಲಿ ತಿದ್ದುತ್ತಿದ್ದರು. ಅದರ ಇನ್ಸರ್ಟ್ ಮೋಡ್‌ನಲ್ಲಿ ಒತ್ತಿದ್ದು ಅಕ್ಷರವಾಗಿ ಮೂಡುತ್ತದೆ. ನಾರ್ಮಲ್ ಮೋಡ್‌ನಲ್ಲಿ ಅದೇ ಕೀ ಬರೀ ಆಜ್ಞೆ, ಏನೂ ಮೂಡುವುದಿಲ್ಲ. ಯಾರೋ ಫೈಲ್ ತೆರೆದಿಟ್ಟು ಹೋಗಿ ಅದರಲ್ಲಿ ಬೇಡದ ಅಕ್ಷರಗಳ ಕಸ ಸೇರುತ್ತಿತ್ತೆಂದು, ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ನಾನೊಂದು ಸ್ಕ್ರಿಪ್ಟ್, ಪುಟ್ಟ ಪ್ರೋಗ್ರಾಂ, ಬರೆದೆ: ಹತ್ತು ಸೆಕೆಂಡ್ ಕೀ ಮುಟ್ಟದಿದ್ದರೆ ಎಡಿಟರ್ ತಾನಾಗಿ ನಾರ್ಮಲ್ ಮೋಡ್‌ಗೆ ಮರಳಬೇಕು. ಮ್ಯಾನೇಜರ್ ಹೊಗಳಿದರು. ಇವರೊಬ್ಬರೇ ಹುಬ್ಬು ಗಂಟಿಕ್ಕಿದರು.

"ನನ್ನ ಕೈಯಾಗಿಂದು ನನಗ ಹೇಳದನ ಕಸ್ಗೋತದೇನು ಇದು? ಒಂದು ಸಪ್ಪಳರೆ ಮಾಡಿಸು, ತಂಗಿ."

"ನೆಕ್ಸ್ಟ್ ವೀಕ್ ಹಾಕ್ತೀನಿ ಸರ್."

ಹಾಕಲಿಲ್ಲ.

ಅಂದು ಮಧ್ಯಾಹ್ನ ನಲವತ್ತನ್ನು ತೊಂಬತ್ತು ಮಾಡಬೇಕಿತ್ತು. ನಲವತ್ತು ಅಳಿಸಿ ಒಂಬತ್ತು ಒತ್ತಿದರು. ಫೋನ್ ಬಂತು. ಮಾತು ಮುಗಿಸಿ ಸೊನ್ನೆ ಒತ್ತಿ, ಸೇವ್ ಮಾಡಿ, ಎಂದಿನಂತೆ ಗೇಜಿನತ್ತ ತಿರುಗಿದರು. ಫೋನಿನಲ್ಲಿದ್ದಾಗಲೇ ಮೋಡ್ ಬದಲಾಗಿತ್ತು. ಸೊನ್ನೆ ಮೂಡಲೇ ಇಲ್ಲ. ಕುದಿಯುವ ರಿಯಾಕ್ಟರಿಗೆ ಶೇಕಡಾ ಒಂಬತ್ತು ನೀರು. ಅಲಾರಂ ಕೂಗಿದಾಗ, "ಹೊರಗ ನಡಿ!" ಎಂದು ನನ್ನನ್ನು ಬಾಗಿಲಾಚೆ ನೂಕಿ, ರಿಯಾಕ್ಟರಿನಿಂದ ಚಿಮ್ಮುತ್ತಿದ್ದ ವಿಷದ ಹಬೆಯೊಳಗೆ ನುಗ್ಗಿ ಕೈಯಿಂದಲೇ ನೀರಿನ ವಾಲ್ವ್ ತಿರುವಿದರು. ನಾವೆಲ್ಲ ಉಳಿದೆವು. ಅವರ ಶ್ವಾಸಕೋಶ ಸುಟ್ಟಿತು.

ಮರುದಿನ ಯಾರೂ ಕೇಳುವ ಮೊದಲೇ ನಾನು ಸ್ಕ್ರಿಪ್ಟ್ ಅಳಿಸಿಹಾಕಿದೆ.

ಆಸ್ಪತ್ರೆಯಿಂದ ಬಂದ ಮೇಲೆ ನಡೆದ ವಿಚಾರಣೆಯಲ್ಲಿ ಅವರು, "ನಾ ತೊಂಬತ್ತ ಹೊಡದೀನ್ರಿ," ಎಂದು ನನ್ನ ಕಡೆ ನೋಡಿದರು. ನಾನು ಮೇಜು ನೋಡಿದೆ. ಇನ್‌ಚಾರ್ಜ್ ಅವರ ಅಜಾಗರೂಕತೆ ಎಂದು ವರದಿಯಾಯಿತು. ನೌಕರಿ ಹೋಯಿತು.

ಪಕ್ಕದ ಊರು ದೌಂಡದಲ್ಲಿದ್ದ ಅವರ ಮನೆಗೆ ಒಮ್ಮೆ ಹೋದೆ. ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದರು.

"ನೀ ಬಾಯಿ ಬಿಡ್ತಿ ಅಂತ ಭಾಳ ಕಾದೆ, ತಂಗಿ. ಈಗ ಹೇಳಿದ್ರೂ ನಡೀತದ."

"ಹೇಳ್ತೀನಿ ಸರ್," ಎಂದೆ. ಚಹಾ ಕುಡಿದು ಬಂದೆ.

ಏಳು ತಿಂಗಳು ನಾನು ರಾತ್ರಿಯೆಲ್ಲ ಬೆಚ್ಚಿ ಬೆಚ್ಚಿ ಏಳುತ್ತಿದ್ದೆ. ಆಮೇಲೆ ಒಂದು ಗುರುವಾರ ಅವರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದೆ. ನನ್ನ ಮಾತಿಗೆ ಕಾಯುವವರು ಇನ್ನು ಯಾರೂ ಇರಲಿಲ್ಲ. ಅಂದು ರಾತ್ರಿ ಬೆಳಗಾಗುವವರೆಗೆ ಒಮ್ಮೆಯೂ ಎಚ್ಚರವಾಗಲಿಲ್ಲ.