ಬೀಗರ ಸೀಟಿನ ಕೆಳಗಿನ ಚೀಲ

ನನ್ನ ಮಗಳು ತನ್ನ ಮಾವನಿಗೆ ಒಂದು ಚೀಲ ತರಿಸಿಕೊಟ್ಟಳು. ನನಗೆ ಕೊಡಲಿಲ್ಲ. ಮುಂದೆ ಬರೆಯುವುದೆಲ್ಲ ಇಷ್ಟರಿಂದಲೇ ಹುಟ್ಟಿದ್ದು. ಇಷ್ಟು ಸಣ್ಣದಕ್ಕೆ ಇಷ್ಟೆಲ್ಲವೇ ಎಂದು ಓದಿದವರು ನಕ್ಕರೆ ನಗಲಿ. ನಾನು ಮಾಡಿದ್ದನ್ನು ಮುಚ್ಚಿಡುವ ವಯಸ್ಸು ಇದಲ್ಲ.

ನಾನು ರೋಣದವನು. ಹೈಸ್ಕೂಲು ಮುಗಿಸಿ ಮಾರುಕಟ್ಟೆಯಲ್ಲಿ ತೂಕದ ಕೆಲಸಕ್ಕೆ ನಿಂತೆ. ಕಡಲೆ, ಜೋಳ, ಹತ್ತಿ ತೂಗುತ್ತಲೇ ತಲೆ ಬೆಳ್ಳಗಾಯಿತು. ಸೈಕಲ್ಲು ಮಾತ್ರ ಬಿಡಲಿಲ್ಲ. ಮಗಳನ್ನು ಗಜೇಂದ್ರಗಡಕ್ಕೆ ಕೊಟ್ಟಿದ್ದೇನೆ. ಅವಳ ಮಾವ, ನನ್ನ ಬೀಗರು, ನೇಕಾರರಿಗೆ ನೂಲು ಮಾರುವ ಅಂಗಡಿ ನಡೆಸಿದವರು. ಗಾದಿಯ ಮೇಲೆ ಕೂತೇ ಆಯುಷ್ಯ ಕಳೆದವರು. ಅವರಿಗೆ ಸಕ್ಕರೆ ಬೇನೆ ಬಂದು, ಮೈ ಬಗ್ಗಿಸಿರೆಂದು ಡಾಕ್ಟರು ಹೇಳಿದಾಗ ಅವರನ್ನು ಸೈಕಲ್ ಹತ್ತಿಸಿದವನು ನಾನು. ಪಂಕ್ಚರ್ ಹಾಕುವುದನ್ನು ಕಲಿಸಿದವನೂ ನಾನೇ. ಭಾನುವಾರ ನಸುಕಿನಲ್ಲಿ ಅವರು ಆ ಕಡೆಯಿಂದ, ನಾನು ಈ ಕಡೆಯಿಂದ ಹೊರಟು ರಾಜೂರಿನ ಚಹಾದಂಗಡಿಯಲ್ಲಿ ಕೂಡುತ್ತಿದ್ದೆವು. ನನಗೆ ದೂರ ಹೆಚ್ಚು, ಅವರಿಗೆ ಕಡಿಮೆ. ಹೆಣ್ಣು ಕೊಟ್ಟವರೇ ಹೆಚ್ಚು ನಡೆಯಬೇಕಲ್ಲ ಎಂದು ನಾನು ಚೇಷ್ಟೆ ಮಾಡಿದರೆ ಅವರು, "ಅದಕ್ಕ ನೀವು ಗಟ್ಟಿ ಅದೀರಿ ನೋಡ್ರಿ ಬೀಗರ" ಎನ್ನುತ್ತಿದ್ದರು. ಚಹಾ ಮುಗಿದ ಮೇಲೆ ಕೆಲವೊಮ್ಮೆ ಒಂದಷ್ಟು ದೂರ ಜೊತೆಗೇ ತುಳಿಯುತ್ತಿದ್ದೆವು.

ಒಂದು ಭಾನುವಾರ ಅವರ ಸೀಟಿನ ಕೆಳಗೆ ಕರಿಯ ಬಣ್ಣದ ಪುಟ್ಟ ಚೀಲವೊಂದು ಕಂಡಿತು. ಮುಷ್ಟಿಗಿಂತ ತುಸು ದೊಡ್ಡದು. ಸೀಟಿಗೆ ಅಂಟಿಕೊಂಡಂತಿತ್ತು, ಅಲುಗಾಡುತ್ತಿರಲಿಲ್ಲ.

"ಏನ್ರೀ ಅದು?" ಎಂದೆ.

"ಸೊಸಿ ತರಿಸಿಕೊಟ್ಟಳ್ರಿ. ಮೊಬೈಲ್‌ನ್ಯಾಗ ಭಾಳ ಹುಡುಕಿದ್ಲು. ಮಾವಾರ, ಹಗರಾಗಿದ್ರ ನಿಮಗ ತ್ರಾಸ ಆಗೂದಿಲ್ಲ ಅಂದ್ಲು. ಎತ್ತಿ ನೋಡ್ರಿ."

ಪಟ್ಟಿ ಬಿಚ್ಚಿ ನನ್ನ ಅಂಗೈ ಮೇಲಿಟ್ಟರು. ತೂಕದವನ ಕೈ ಸುಳ್ಳು ಹೇಳುವುದಿಲ್ಲ. ಟೈರು ಬಿಚ್ಚುವ ಎರಡು ಪ್ಲಾಸ್ಟಿಕ್ ಪಟ್ಟಿ, ನಟ್ಟು ಬಿಚ್ಚುವ ಮಡಚು ಪಾನಾ, ತೇಪೆ, ಉಜ್ಜುಕಾಗದ, ತೇಪೆ ಅಂಟಿಸುವ ಸೊಲ್ಯೂಷನ್ನಿನ ಟ್ಯೂಬು ಎಲ್ಲ ಸೇರಿಯೂ ಒಂದು ಹಿಡಿ ಹತ್ತಿಯಷ್ಟು ಹಗುರ ಅನ್ನಿಸಿತು. ಭಾರವಾಗುತ್ತದೆಂದು ಗಾಲಿಯ ಬದಲಿ ಟ್ಯೂಬನ್ನೂ ಅವರು ಇಟ್ಟಿರಲಿಲ್ಲ. ಗಾಳಿ ಹೊಡೆಯುವ ಪಂಪು ಸೈಕಲ್ಲಿನ ಕೊಳವೆಗೇ ಕಟ್ಟಿತ್ತು. ನನ್ನ ಸಾಮಾನು ಹ್ಯಾಂಡಲ್ಲಿಗೆ ಜೋತುಬಿಟ್ಟ ಸಂತೆಯ ಕೈಚೀಲದಲ್ಲಿತ್ತು, ಅದು ತುಳಿದಾಗಲೆಲ್ಲ ಮೊಣಕಾಲಿಗೆ ಬಡಿಯುತ್ತಿತ್ತು. ಅದನ್ನು ನನ್ನ ಮಗಳು ಎಷ್ಟೋ ಸಲ ನೋಡಿದ್ದಳು.

ಖರೇ ಹೇಳಬೇಕೆಂದರೆ ಅವಳು ಕೇಳಿದ್ದಳು. "ಅಪ್ಪಾ, ಮಾವಾರಿಗೆ ಒಂದ ಚೀಲ ತರಸಾಕತ್ತೇನಿ, ನಿನಗೂ ಒಂದ ತರಸ್ಲೇನು?" ಎಂದು ಫೋನಿನಲ್ಲಿ ಅಂದಾಗ ನಾನು, "ಕೊಟ್ಟ ಮನಿದು ನನಗ್ಯಾಕವಾ" ಎಂದಿದ್ದೆ. ನಮ್ಮಲ್ಲಿ ಹಾಗೆ. ಹೆಣ್ಣು ಕೊಟ್ಟ ಮನೆಯಿಂದ ಹೆತ್ತವರು ಏನನ್ನೂ ತರಬಾರದು. ಮೊಮ್ಮಗ ಹುಟ್ಟುವ ತನಕ ಮಗಳ ಮನೆಯ ನೀರನ್ನೂ ಮುಟ್ಟದವರು ನಮ್ಮ ಹಿರಿಯರು. ಈಗ ಯಾರೂ ಇದನ್ನು ಅಷ್ಟಾಗಿ ನಡೆಸುವುದಿಲ್ಲ. ನಾನು ನಡೆಸಿದೆ, ಅದೊಂದು ಹಿರಿತನವೆಂದು ನಡೆಸಿದೆ. ದೀಪಾವಳಿಗೆ ಅವಳು ಕೊಡಬಂದ ಧೋತರ ಬೇಡವೆಂದೆ, ಚಳಿಗಾಲಕ್ಕೆ ಕೊಡಬಂದ ಶಾಲು ಬೇಡವೆಂದೆ. ಬೇಡವೆಂದಾಗ ಅವಳು ಇನ್ನೊಮ್ಮೆ ಒತ್ತಾಯ ಮಾಡಲಿ ಎಂದು ಒಳಗೊಳಗೇ ಕಾಯುತ್ತಿದ್ದೆ ಎಂಬುದನ್ನು ಮಾತ್ರ ಯಾರಿಗೂ ತೋರಿಸಲಿಲ್ಲ.

ಚೀಲ ಕಂಡ ಮೇಲೆ ನನಗೆ ಊಟ ರುಚಿಸಲಿಲ್ಲ. ನನಗೂ ಒಂದು ಬೇಕು, ಅದು ಅವರದಕ್ಕಿಂತ ಮೇಲಿರಬೇಕು. ರೋಣದಲ್ಲಿ ಹುಡುಕಿದೆ, ಸಿಕ್ಕಿದ್ದು ಶಾಲೆಯ ಮಕ್ಕಳ ಸೈಕಲ್ಲಿಗೆ ಕಟ್ಟುವ ತಗಡಿನ ಪೆಟ್ಟಿಗೆ. ಬಸ್ಸು ಹಿಡಿದು ನರಗುಂದಕ್ಕೆ ಹೋದೆ. ಅಲ್ಲಿಯ ಸೈಕಲ್ ಅಂಗಡಿಯವನು ಮೊದಲು ತೆಗೆದದ್ದೇ ಬೀಗರ ಚೀಲದಂಥದು.

"ಇದ ಚಲೋ ಐತ್ರಿ ಅಜ್ಜಾರ. ಹಗರ. ಮಳಿ ನೀರು ಒಳಗ ಹೋಗೂದಿಲ್ಲ."

"ಇದು ಬ್ಯಾಡ. ಇದಕ್ಕಿಂತ ದೊಡ್ಡದ ತೋರಸು."

ಎರಡನೆಯದೂ ಬೇಡವೆಂದೆ. ಕಡೆಗೆ ಅವನು ಮೇಲಿನ ಹಲಗೆಯಿಂದ ಧೂಳು ಕೊಡವಿ ಒಂದು ದಪ್ಪ ರೆಕ್ಸಿನ್ ಚೀಲ ಇಳಿಸಿದ. ಹಿತ್ತಾಳೆ ಬಕಲು, ಎರಡು ಪಕ್ಕದಲ್ಲಿ ಜೇಬು. ಬರಿದಾಗಿದ್ದಾಗಲೇ ಕೈ ಜಗ್ಗಿತು.

"ಇದರಾಗ ಏನ ಇಡ್ತೀರಿ?"

"ಪಾನಾ, ಇಕ್ಕಳ, ಸುತ್ತಿಗಿ, ಎರಡ ಟ್ಯೂಬು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅಜ್ಜಾರ, ಸೈಕಲ್ ಮ್ಯಾಲ ನೀವು ಹೋಗಾವ್ರೋ, ಅಂಗಡಿ ಹೋಗೂದೋ?"

ಅದನ್ನೇ ತಂದೆ. ತಂದ ಮರುದಿನವೇ ತಪ್ಪು ತಿಳಿಯಿತು. ಅದು ಸೀಟಿನ ಕೆಳಗೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತೂಗುತ್ತ ತೊಡೆಯ ಹಿಂಭಾಗ ಕೆತ್ತುತ್ತಿತ್ತು. ತಗ್ಗು ಬಂದಲ್ಲೆಲ್ಲ ಗಡಗಡ ಸದ್ದು. ಆದರೂ ಭಾನುವಾರ ಅದನ್ನೇ ಕಟ್ಟಿಕೊಂಡು ಹೋದೆ. ರಾಜೂರು ಮುಟ್ಟುವಷ್ಟರಲ್ಲಿ ಉಸಿರು ಬಾಯಿಗೆ ಬಂದಿತ್ತು. ಬೀಗರು ಆಗಲೇ ಬಂದು, ಚಹಾ ಮುಗಿಸಿ, ಬೆವರೂ ಇಲ್ಲದೆ ಕಟ್ಟೆಯ ಮೇಲೆ ಕೂತಿದ್ದರು.

"ಬರ್ರಿ ಬರ್ರಿ. ದೂರದಿಂದ ಸಪ್ಪಳ ಕೇಳಿ ಯಾರೋ ಪಾತ್ರೆ ಮಾರಾವ್ರು ಬಂದ್ರು ಅನ್ಕೊಂಡ್ನಿ" ಎಂದರು. ಅಂಗಡಿಯಲ್ಲಿದ್ದ ನಾಲ್ಕಾರು ಜನ ನಕ್ಕರು. ಬೀಗರಲ್ಲಿ ಇಂಥ ಚೇಷ್ಟೆ ನಡೆಯುವುದೇ. ಬೇರೆ ದಿನವಾಗಿದ್ದರೆ ನಾನೂ ಒಂದು ತಿರುಗಿ ಕೊಡುತ್ತಿದ್ದೆ.

ಅವರು ಮುಖ ತೊಳೆಯಲು ಅಂಗಡಿಯ ಹಿಂದಕ್ಕೆ ಹೋದರು. ನಾನು ಅವರ ಸೈಕಲ್ಲಿನ ಹತ್ತಿರ ಹೋಗಿ ಜಿಪ್ಪು ಎಳೆದು ಸೊಲ್ಯೂಷನ್ನಿನ ಟ್ಯೂಬು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡೆ. ಅದಿಲ್ಲದೆ ತೇಪೆ ಅಂಟುವುದಿಲ್ಲ. ಮುಂದೆ ಯಾವತ್ತಾದರೂ ನಾವಿಬ್ಬರೂ ಜೊತೆಗಿದ್ದಾಗ ಪಂಕ್ಚರ್ ಆದರೆ ಆ ಚೆಂದದ ಚೀಲ ತೆರೆದು ಪೆಚ್ಚಾಗಬೇಕು, ನನ್ನ ರೆಕ್ಸಿನ್ ಚೀಲಕ್ಕೆ ಕೈಚಾಚಬೇಕು. ಮಗಳ ಕಿವಿಗೂ ಅದು ಬೀಳಬೇಕು. ಇಷ್ಟೇ ನನ್ನ ಎಣಿಕೆ.

ಆದರೆ ಅವತ್ತು ಅವರು ನೇರ ಮನೆಗೆ ಹೋಗಲಿಲ್ಲ. ಪುರ್ತಗೇರಿಯಲ್ಲಿ ಒಬ್ಬ ಪರಿಚಯದವರನ್ನು ಮಾತನಾಡಿಸಲು ಹೋದರು. ದಾರಿಯಲ್ಲಿ ಟೈರಿಗೆ ಜಾಲಿಮುಳ್ಳು ಚುಚ್ಚಿತು.

ಸಂಜೆ ಮಗಳ ಫೋನು ಬಂತು. "ಅಪ್ಪಾ, ಮಾವಾರಿಗೆ ಹಾದ್ಯಾಗ ಪಂಚರ್ ಆಗಿತ್ತು. ಗಾಲಿ ಬಿಚ್ಚಿಕೊಂಡು ಬಿಸಲಾಗ ಕುಂತಿದ್ರಂತ. ಇವರು ಹೋಗಿ ಕರಕೊಂಡ ಬಂದ್ರು. ಸೊಲ್ಯೂಷನ್ ಇಡೂದ ಮರತಾರ."

ಕೇಳಿದ ಕೂಡಲೇ ನನಗೆ ಆದದ್ದು ಸಂತೋಷ. ಇದನ್ನು ಬರೆಯುವುದು ಕಷ್ಟ, ಆದರೆ ಆದದ್ದು ಅದೇ.

ಅವಳು ಮುಂದುವರಿಸಿದಳು. "ಮೊನ್ನಿ ಅಂಗಡಿ ಕೀಲಿ ಎಲ್ಲೋ ಇಟ್ಟ ಮರತಿದ್ರು. ಈಗ ಇದು. ಇವರು ಸೈಕಲ್ಲಿಗೆ ಕೀಲಿ ಹಾಕಿಬಿಟ್ಟಾರ. ಇನ್ನ ಹೊರಗ ಒಬ್ಬರ್ನ ಬಿಡೂದಿಲ್ಲ, ದವಾಖಾನಿಗೆ ತೋರಸೂಣು ಅಂತಾರ. ಮಾವಾರಂತೂ ಮಾತ ಬಿಟ್ಟಾರ. ಅವರ ಅಣ್ಣಾರ ಗತಿ ನಿನಗ ಗೊತ್ತಲ್ಲ."

ಗೊತ್ತಿತ್ತು. ಬೀಗರ ಅಣ್ಣ ಕಡೆಗಾಲದಲ್ಲಿ ಕಟ್ಟಿಕೊಂಡ ಹೆಂಡತಿಯನ್ನೇ "ಯಾರವಾ ನೀ" ಎಂದು ಕೇಳುತ್ತಿದ್ದರು. ಆ ಭಯವನ್ನು ಬೀಗರು ನನ್ನೊಬ್ಬನಿಗೆ, ರಾಜೂರಿನ ಅದೇ ಕಟ್ಟೆಯ ಮೇಲೆ, ಒಮ್ಮೆ ಹೇಳಿಕೊಂಡಿದ್ದರು.

ಮರುದಿನ ಬಸ್ಸಿನಲ್ಲಿ ಗಜೇಂದ್ರಗಡಕ್ಕೆ ಹೋದೆ. ಟ್ಯೂಬು ಜೇಬಿನಲ್ಲಿತ್ತು. ಹೇಳಿಬಿಡುವ ಧೈರ್ಯವಿರಲಿಲ್ಲ, ಗುಟ್ಟಾಗಿ ಸರಿಮಾಡಿದರಾಯಿತು ಎಂದುಕೊಂಡೆ. ಅಂಗಳದಲ್ಲಿ ಕೀಲಿ ಹಾಕಿದ ಸೈಕಲ್ಲು ನಿಂತಿತ್ತು. ಯಾರೂ ಕಾಣದಾಗ ಟ್ಯೂಬನ್ನು ಚೀಲದ ಒಳಜೇಬಿನಲ್ಲಿ ತುರುಕಿದೆ. ಆಮೇಲೆ ಒಳಗೆ ಹೋಗಿ, "ಬೀಗರ, ಇನ್ನೊಮ್ಮೆ ಸರಿಯಾಗಿ ನೋಡ್ರಿ. ಒಳಜೇಬಿನ್ಯಾಗ ಇದ್ದೀತು" ಎಂದೆ.

ನನ್ನ ಅಳಿಯ ಚೀಲ ತಂದ. ಬೀಗರು ಜಿಪ್ಪು ಎಳೆದು ಒಳಜೇಬಿಗೆ ಬೆರಳು ಹಾಕಿದರು. ಟ್ಯೂಬು ಹೊರಬಂತು. ಅವರು ಹಿಗ್ಗುತ್ತಾರೆಂದು ನಾನು ಕಾದಿದ್ದೆ. ಅವರ ಮುಖ ಬಿಳಿಚಿತು.

"ಎಲ್ಲಾ ನೆಲಕ್ಕ ಸುರವಿ ನೋಡೇನಿ. ಈ ಜೇಬ ತಿರುವಿ ಹಾಕೇನಿ" ಎಂದರು ಮೆಲ್ಲಗೆ. "ಇತ್ತಂದ್ರ ನನಗ್ಯಾಕ ಕಾಣಲಿಲ್ಲ?"

ಅಳಿಯ ನನ್ನ ಕಡೆ ತಿರುಗಿದ. "ನೋಡಿದ್ರಿಲ್ರಿ ಮಾವಾರ? ಮರವು ಆಗಿದ್ರ ಬ್ಯಾರೆ. ಕೈಯಾಗ ಇದ್ದದ್ದ ಕಾಣವಲ್ದು. ನಾಳೆ ಗದಗಿಗೆ ಕರಕೊಂಡ ಹೋಗ್ತೇನಿ."

ಬೀಗರು ಟ್ಯೂಬನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತರು. ನಾನು ಕೆಲಸವಿದೆ ಎಂದು ಎದ್ದುಬಿಟ್ಟೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಕಂಡಕ್ಟರು ಬಂದು ಎಲ್ಲಿಗೆಂದು ಕೇಳಿದ. ಇಳಿಯಬೇಕು ಎಂದೆ. ಇಳಿದು ತಿರುಗಿ ಬಂದೆ.

ಮಗಳು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಅವಳಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಒದ್ದೆ ಬಟ್ಟೆ ಬುಟ್ಟಿಗೆ ಹಾಕಿದಳು.

"ಯಾಕಪ್ಪಾ?"

"ನೀ ನನಗ ಕೊಡಲಿಲ್ಲ."

"ಕೇಳಿದ್ನಿಲ್ಲೋ? ಕೊಟ್ಟ ಮನಿದು ಯಾಕ ಅಂದಿ. ಪ್ರತಿಸಲ ಹಂಗ ಅಂತಿ. ನೀ ಹಂಗ ಅಂದಾಗೆಲ್ಲಾ ನಾ ನಿನ್ನ ಮಗಳು ಅಲ್ಲ, ಕೊಟ್ಟ ಮನಿಯಾಕಿ ಅಂತ ನನಗ ತಿಳೀತಿತ್ತು." ಅವಳ ದನಿ ಏರಲಿಲ್ಲ. "ನನಗ ಹೇಳಿ ಏನ ಮಾಡ್ತಿ? ಒಳಗ ಹೋಗಿ ಅವರಿಬ್ಬರ ಮುಂದ ಹೇಳು."

ಅಳಿಯನ ಮುಂದೆ ತಲೆ ತಗ್ಗಿಸುವುದು ಎಂಥದೆಂದು ಹೆಣ್ಣು ಕೊಟ್ಟವರಿಗೆ ನಾನು ಹೇಳಬೇಕಾಗಿಲ್ಲ. ಒಳಗೆ ಹೋಗಿ ನಿಂತುಕೊಂಡೇ ಹೇಳಿದೆ. ತೆಗೆದದ್ದು ನಾನು, ತಿರುಗಿ ಇಟ್ಟದ್ದೂ ನಾನು, ಬೀಗರು ನೋಡಿದಾಗ ಅದು ಅಲ್ಲಿರಲಿಲ್ಲ.

ಅಳಿಯ ನನ್ನನ್ನು ನೋಡಿದ. ಆಮೇಲೆ ಒಳಗಿನಿಂದ ಸೈಕಲ್ಲಿನ ಕೀಲಿ ತಂದು ಅಪ್ಪನ ಮುಂದಿಟ್ಟು, ನನ್ನ ಜೊತೆ ಮಾತಾಡದೆ ಅಂಗಡಿಗೆ ಹೋದ. ಅವನು ಇವತ್ತಿಗೂ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾನೆ.

"ಖರೇ ಹೇಳ್ರಿ. ನನ್ನ ಸಮಾಧಾನಕ್ಕ ಅನ್ನಾಕತ್ತಿಲ್ಲಲ್ಲ?" ಎಂದರು ಬೀಗರು.

"ಇಲ್ರಿ. ಹೊಟ್ಟಿಕಿಚ್ಚಿಗೆ ಮಾಡಿದ್ನಿ."

"ಹಂಗಾರ ನಾ ಮರತಿದ್ದಿಲ್ಲ."

"ಇಲ್ರಿ."

ಅವರು ಅದನ್ನು ಇನ್ನೊಮ್ಮೆ ಕೇಳಿದರು, ನಾನು ಇನ್ನೊಮ್ಮೆ ಹೇಳಿದೆ. ಅವರು ಧೋತರದ ಅಂಚಿನಿಂದ ಕಣ್ಣೊರೆಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಕೆಲವು ಭಾನುವಾರ ಅವರು ರಾಜೂರಿಗೆ ಬರಲಿಲ್ಲ. ನಾನು ಹೋಗಿ ಒಬ್ಬನೇ ಚಹಾ ಕುಡಿದು ಬರುತ್ತಿದ್ದೆ. ಆಮೇಲೊಂದು ದಿನ ಬಂದರು. ಅದೇ ಚೀಲ, ಅದೇ ಸೀಟಿನ ಕೆಳಗೆ. ಅದನ್ನು ಕಂಡ ಕೂಡಲೇ ಎದೆಯಲ್ಲಿ ಮತ್ತೆ ಅದೇ ಉರಿ ಎದ್ದಿತು. ಇಷ್ಟೆಲ್ಲ ಆದ ಮೇಲೂ ಎದ್ದಿತು. ಬಚ್ಚಿಟ್ಟರೆ ಏನಾಗುತ್ತದೆಂದು ಗೊತ್ತಿದ್ದರಿಂದ ಹೇಳಿಯೇ ಬಿಟ್ಟೆ.

"ಬೀಗರ, ಇನ್ನೂ ಹೊಟ್ಟಿ ಉರೀತೈತ್ರಿ."

ಅವರು ಚಹಾದ ಲೋಟ ಕೆಳಗಿಟ್ಟು ಎದ್ದರು. ಚೀಲದ ಜಿಪ್ಪು ಎಳೆದು ಒಳಗೆ ಒಮ್ಮೆ ನೋಡಿ ಮುಚ್ಚಿದರು.

"ಹಂಗಾರ ಚೀಲ ಕಾಣದಂಗ ನೀವು ಮುಂದ ನಡೀರಿ" ಎಂದರು, "ನಾ ಹಿಂದ ಬರ್ತೇನಿ."