ಪೊಳ್ಳು ತೊಲೆಯ ಕೆಳಗೆ

ಯಲಹಂಕದ ನಮ್ಮ ಮನೆ ಹಾಲ್‌ನಲ್ಲಿ ಹಳೇ ಕಾಲದ ಥರ ತೊಲೆ ಕಾಣಬೇಕು ಅನ್ನೋ ಆಸೆ ನನ್ನದೇ. ಮೋಲ್ಡ್ ಹಾಕಿದ ಮನೆಗೆ ತೊಲೆ ಯಾಕಜ್ಜಿ ಅಂತ ಎಲ್ಲರೂ ನಕ್ಕರು. ನಾನು ಬಿಡಲಿಲ್ಲ. ಮೊಮ್ಮಗಳೂ ನಾನೂ ಕೂತು, ಹಲಗೆಗಳನ್ನ ಉದ್ದನೆ ಡಬ್ಬದ ಥರ ಜೋಡಿಸಿದ್ವಿ. ಹೊಸ ಮರ ಹಳೇದಾಗಿ ಕಾಣಲಿ ಅಂತ ಸೈಕಲ್ ಚೈನಲ್ಲಿ ಬಡಿದು, ಕಾಯಿ ತುರಿಯೋ ಮಣೆಯಿಂದ ಗೀರಿ, ಗಟ್ಟಿ ಟೀ ಡಿಕಾಕ್ಷನ್ ಬಳಿದ್ವಿ. ಬಡಗಿ ಬಂದು ಚಾವಣಿಗೆ ಕೂರಿಸಿ ಹೋದ.

ಮಾರನೇ ದಿನ ಸೊಸೆ ಹೆದರಿಕೊಂಡು ವಾಸ್ತು ನೋಡೋರನ್ನ ಕರೆಸಿದಳು. ಅವರು ಬೇಡ ಅಂದರೆ ಇವಳು ಕೀಳಿಸೋಳೇ.

"ಅಜ್ಜಿ, ನೀವು ಮಲಗೋದೆಲ್ಲಿ?" ಅಂತ ಅವರು ಕೇಳಿದರು.

"ಇದರ ಕೆಳಗೇ."

"ತೊಲೆ ಕೆಳಗೆ ಮಲಗಬಾರದು. ಭಾರವೆಲ್ಲ ತಲೆ ಮೇಲೆ ಬೀಳುತ್ತೆ. ತೆಗೆಸಿಬಿಡಿ."

ನಾನು ಜೇಡರ ಬಲೆ ತೆಗೆಯೋ ಒಟ್ಟರೆ ಕೋಲಿನಿಂದ ತೊಲೆ ತಟ್ಟಿದೆ. ಡಬಡಬ ಅಂತು. "ಕೇಳಿಸ್ಕೊಂಡ್ರಾ ಸ್ವಾಮಿ, ಒಳಗೆ ಬರೀ ಗಾಳಿ. ಇದು ಮನೇನ ಹೊತ್ತಿಲ್ಲ, ಮನೇನೇ ಇದನ್ನ ಹೊತ್ಕೊಂಡಿದೆ."

ಅವರು ಮತ್ತೆ ಮೇಲೆ ನೋಡಿದರು. "ನೋಡೋಕೆ ತೊಲೆ ಥರಾನೇ ಇದೆಯಲ್ಲಮ್ಮ. ದೋಷ ದೋಷಾನೇ."

"ಹಂಗಾದ್ರೆ ನನ್ನ ಕೆಲಸ ಚೆನ್ನಾಗೇ ಆಗಿದೆ. ಕೀಳಲ್ಲ."

"ಅತ್ತೆ, ಮಂಚನಾದ್ರೂ ಆ ಕಡೆ ಸರಿಸೋಣ" ಅಂತ ಸೊಸೆ ಗೋಗರೆದಳು. ನಾನು ಅವರಿಬ್ಬರ ಎದುರಿಗೇ ಮಂಚ ಹತ್ತಿ, ತೊಲೆ ಕೆಳಗೇ ತಲೆಯಿಟ್ಟು ಮಲಗಿದೆ. "ಹೋಗೋವಾಗ ಬಾಗಿಲು ಎಳ್ಕೊಂಡು ಹೋಗಿ" ಅಂದೆ.

ಅವತ್ತು ಜೋರಾಗಿ ಗೊರಕೆ ಹೊಡೆದೆ, ಅದೂ ತೊಲೆ ದೋಷಾನೇ ಅಂತ ಸೊಸೆ ಈಗಲೂ ಆಡ್ಕೊತಾಳೆ. ಆ ಗೊರಕೆ ನಾನು ಮದುವೆಯಾಗಿ ಬರೋವಾಗಲೇ ತಂದಿದ್ದು, ಪಾಪ, ಅದನ್ನ ತೊಲೆ ತಲೆಗೆ ಕಟ್ಟಬಾರದು.